ಉದ್ರಿ ಖಾತೆ ಮೊಬೈಲಿಗೆ ಬಂದಿದೆ, ಅದರ ಬೆಲೆ ಎಷ್ಟು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಟ್ಟೆ, ಪಾತ್ರೆ, ಕಿರಾಣಿ ಅಂಗಡಿಗಳಲ್ಲಿ ಉದ್ರಿ ಲೆಕ್ಕ ಕೆಂಪು ಬಟ್ಟೆಯ ಪುಸ್ತಕದಿಂದ ಮೊಬೈಲಿಗೆ ಸರಿಯುತ್ತಿದೆ. ಆದರೆ ಅಣ್ಣತಮ್ಮಂದಿರು ಪಾಲಾಗುವಾಗ ಕಟ್ಟಡ, ದಾಸ್ತಾನು, ಬರಬೇಕಾದ ಬಾಕಿಗಷ್ಟೇ ಬೆಲೆ ಕಟ್ಟುತ್ತಾರೆ. ಯಾರು ಏನು ಕೊಳ್ಳುತ್ತಾರೆ, ಶೇಂಗಾ ಮಾರಿದ ಮೇಲೆ ಯಾರು ತಪ್ಪದೆ ಬಾಕಿ ತೀರಿಸುತ್ತಾರೆ ಎಂಬ ಮಾಹಿತಿ ಪಟ್ಟಿಗೆ ಬರುವುದಿಲ್ಲ. ವ್ಯಾಪಾರ ನಿಂತಿರುವುದು ಅದರ ಮೇಲೆಯೇ.

ಲೆಕ್ಕಪತ್ರದ ನಿಯಮವೂ ಹಾಗೆಯೇ ಇದೆ. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 38ರ ಪ್ರಕಾರ, ತಾನೇ ಬೆಳೆಸಿದ ಗ್ರಾಹಕರ ಪಟ್ಟಿಯನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಅದನ್ನೇ ಇನ್ನೊಬ್ಬರು ವ್ಯಾಪಾರದ ಸಮೇತ ಕೊಂಡರೆ ಅವರಿಗೆ ಆಸ್ತಿಯಾಗಬಹುದು!

ಬೆಲೆ ಕಟ್ಟಲು ಸರಳ ದಾರಿ, ಮಾಹಿತಿಯಿಂದ ಉಳಿಯುವ ಹಣವನ್ನು ನೋಡುವುದು. ಉದಾಹರಣೆಗೆ ವರ್ಷಕ್ಕೆ 20 ಲಕ್ಷ ರೂಪಾಯಿ ಉದ್ರಿ ಕೊಡುವ ಅಂಗಡಿಯಲ್ಲಿ ಹಳೆಯ ದಾಖಲೆ ಇದ್ದರೆ ಶೇ. 2, ಇಲ್ಲದಿದ್ದರೆ ಶೇ. 5 ಮುಳುಗುತ್ತದೆ ಎನ್ನೋಣ. ವ್ಯತ್ಯಾಸ 60,000 ರೂಪಾಯಿ. ಇದನ್ನು ಹತ್ತು ವರ್ಷಕ್ಕೆ ಗುಣಿಸುವುದು ತಪ್ಪು. ನಂಬರು ಬದಲಾಗುತ್ತದೆ, ಮನೆಯವರು ಬೆಂಗಳೂರು ಸೇರುತ್ತಾರೆ. ಎರಡು ಮೂರು ವರ್ಷ ಹಿಡಿದರೆ ಸಾಕು.

ಬೆಲೆಯಿದ್ದ ಮಾತ್ರಕ್ಕೆ ಮಾರುವ ಹಕ್ಕು ಬರುವುದಿಲ್ಲ. ಪಾವಗಡದ ರೈತರು ಸೌರ ಪಾರ್ಕಿಗೆ ಜಮೀನು ಮಾರದೆ ಗುತ್ತಿಗೆಗೆ ಕೊಟ್ಟರು. ಜಮೀನಿಗೆ ಪಹಣಿ ಇದೆ, ಫೋನ್ ನಂಬರಿಗೆ ಇಲ್ಲ. 2025ರಲ್ಲಿ ದಿವಾಳಿಯಾದ ಅಮೆರಿಕದ 23ಆಂಡ್‌ಮೀ ಕಂಪನಿ ಗ್ರಾಹಕರ ವಂಶವಾಹಿ ಮಾಹಿತಿಯ ಸಮೇತ 30.5 ಕೋಟಿ ಡಾಲರಿಗೆ ಮಾರಾಟಕ್ಕೆ ಹೊರಟಾಗ ಹಲವು ರಾಜ್ಯಗಳು ಕೋರ್ಟಿಗೆ ಹೋದವು.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಅವಕಾಶವಿದೆ. ಲೆಕ್ಕಕ್ಕೆಂದು ಪಡೆದ ನಂಬರನ್ನು ಬೇರೆ ಉದ್ದೇಶಕ್ಕೆ ಕೊಡಬೇಕಾದರೆ ಮತ್ತೆ ಒಪ್ಪಿಗೆ ಬೇಕು. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಶ್ರಾವಕರಿಗೆ ಇದು ಹೊಸದಲ್ಲ. ಕದ್ದ ವಸ್ತುವನ್ನು ಕೊಳ್ಳುವುದನ್ನು ತತ್ತ್ವಾರ್ಥಸೂತ್ರ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಇತರರ ಗುಟ್ಟು ಬಯಲು ಮಾಡುವುದನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ. ಸೋರಿದ ನಂಬರುಗಳ ಪಟ್ಟಿ ಕೊಂಡು ದೀಪಾವಳಿ ರಿಯಾಯಿತಿ ಸಂದೇಶ ಕಳಿಸುವವರು ಇದನ್ನು ಗಮನಿಸಬೇಕು. ಸಂಘಗಳ ವಧು-ವರರ ಪಟ್ಟಿಯಲ್ಲಿ ಜನ್ಮದಿನಾಂಕ, ಆದಾಯ, ಫೋಟೊ ಎಲ್ಲವೂ ಇರುವುದರಿಂದ ಅಲ್ಲಿ ಎಚ್ಚರ ಇನ್ನೂ ಹೆಚ್ಚಿಗೆ ಬೇಕು.

ಪಾಲುಪತ್ರ ಬರೆಸುವ ಕುಟುಂಬಗಳು ಮೊಬೈಲ್ ಖಾತೆ ಯಾರ ನಂಬರಿನಲ್ಲಿದೆ, ಅದು ಯಾರಿಗೆ ಉಳಿಯುತ್ತದೆ, ಉಳಿದವರ ಬಳಿಯ ಪ್ರತಿ ಅಳಿಸುವುದು ಯಾವಾಗ ಎಂಬುದನ್ನೂ ಅದರಲ್ಲೇ ಸೇರಿಸುವುದು ಒಳ್ಳೆಯದು.