ಡಾಕ್ಟರ್ ಫೀಸು ಭೇಟಿಗೋ, ಸಮಯಕ್ಕೋ?

ಜ್ಞಾನಭಾರತಿ, ಮಲ್ಲತ್ತಹಳ್ಳಿ, ಕೆಂಗೇರಿ ಕಡೆಯ ಯಾವುದೇ ಖಾಸಗಿ ಕ್ಲಿನಿಕ್ಕಿಗೆ ಹೋಗಿ, 'ಡಾಕ್ಟ್ರ ಫೀಸೆಷ್ಟು?' ಅಂತ ಕೇಳಿ. ತಕ್ಷಣ ಉತ್ತರ ಬರುತ್ತೆ. 'ಅಷ್ಟಕ್ಕೆ ಎಷ್ಟು ಹೊತ್ತು ನೋಡ್ತಾರೆ?' ಅಂತ ಕೇಳಿ. ಉತ್ತರ ಇರಲ್ಲ. ಯಾಕಂದ್ರೆ ನಮ್ಮಲ್ಲಿ ಫೀಸು ಇರುವುದು ಭೇಟಿಗೆ, ಸಮಯಕ್ಕಲ್ಲ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸಿದರೂ ಅಷ್ಟೇ, ಅರ್ಧ ಗಂಟೆ ಕೂತು ಕೇಳಿಸಿಕೊಂಡರೂ ಅಷ್ಟೇ.

ಇದು ಚಿಕ್ಕ ವಿಷಯ ಅಲ್ಲ. ಲೆಕ್ಕ ಹಾಕಿ ನೋಡೋಣ. ಒಬ್ಬ ವೈದ್ಯರ ಫೀಸು 500 ರೂಪಾಯಿ ಅಂತಿಟ್ಟುಕೊಳ್ಳಿ. ಐದು ನಿಮಿಷಕ್ಕೊಬ್ಬರಂತೆ ನೋಡಿದರೆ ಗಂಟೆಗೆ 12 ಜನ, 6,000 ರೂಪಾಯಿ. ಅರ್ಧ ಗಂಟೆಗೊಬ್ಬರಂತೆ ನೋಡಿದರೆ 1,000 ರೂಪಾಯಿ. ಬಾಡಿಗೆ, ಸಿಬ್ಬಂದಿ ಸಂಬಳ, ಕರೆಂಟ್ ಬಿಲ್ ಎರಡೂ ಕಡೆ ಒಂದೇ. ಅಂದರೆ ಸಾವಧಾನವಾಗಿ ಕೇಳಿಸಿಕೊಳ್ಳುವ ವೈದ್ಯರಿಗೆ ನಮ್ಮ ವ್ಯವಸ್ಥೆ ದಂಡ ಹಾಕುತ್ತಿದೆ. ಮಾತಿನಲ್ಲೇ ಪತ್ತೆಯಾಗಬಹುದಾದ್ದಕ್ಕೆ ಸ್ಕ್ಯಾನು, ರಕ್ತಪರೀಕ್ಷೆ ಬರೆದರೆ ಅದಕ್ಕೆ ಬೇರೆ ಬಿಲ್ ಇದೆ. ಮಾತಿಗೆ ಬಿಲ್ ಇಲ್ಲ. ಇದನ್ನು ವೈದ್ಯರ ದುರಾಸೆ ಅಂತಷ್ಟೇ ಬೈದು ಮುಗಿಸಿದರೆ ಮೂಲ ಸಮಸ್ಯೆ ಹಾಗೇ ಉಳಿಯುತ್ತೆ.

2017ರಲ್ಲಿ 'ಬಿಎಂಜೆ ಓಪನ್' ಪತ್ರಿಕೆಯಲ್ಲಿ 67 ದೇಶಗಳ ಪ್ರಾಥಮಿಕ ಚಿಕಿತ್ಸೆಯ ಭೇಟಿಗಳನ್ನು ಹೋಲಿಸಿದ ಅಧ್ಯಯನವೊಂದು ಬಂತು. ಬಾಂಗ್ಲಾದೇಶದಲ್ಲಿ ಸರಾಸರಿ 48 ಸೆಕೆಂಡು, ಸ್ವೀಡನ್ನಿನಲ್ಲಿ 22.5 ನಿಮಿಷ. ಭಾರತದಲ್ಲಿ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಜ್ವರ, ಕೆಮ್ಮು ಹೇಳಿಕೊಳ್ಳಬಹುದು. ನಿದ್ದೆ ಬರ್ತಿಲ್ಲ, ಮೂರು ತಿಂಗಳಿಂದ ಮುಟ್ಟಾಗಿಲ್ಲ, ಸಾಯಬೇಕು ಅನ್ನಿಸ್ತಿದೆ ಅಂತ ಹೇಳೋಕಾಗುತ್ತಾ? ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದು ಇಲ್ಲಿನ ಪಿಜಿಯಲ್ಲಿರುವ ಹುಡುಗಿ, ಜೊತೆಗೆ ಯಾರೂ ಇಲ್ಲದೆ ಮೊದಲ ಸಲ ಡಾಕ್ಟರ ಎದುರು ಕೂತಾಗ, ಬಾಯಿ ಬಿಡೋಕೇ ಐದು ನಿಮಿಷ ಬೇಕು. ಅಷ್ಟರಲ್ಲಿ 'ನೆಕ್ಸ್ಟ್' ಅಂತ ಕರೆದಾಗಿರುತ್ತೆ.

ಅಮೆರಿಕದ ಗಡಿಯಾರ

ಹಾಗಾದರೆ ಸಮಯಕ್ಕೇ ಬಿಲ್ ಮಾಡಿದರೆ? ಅಮೆರಿಕದಲ್ಲಿ ಅದು ನಡೆಯುತ್ತಿದೆ. 2021ರ ಜನವರಿಯಿಂದ ಅಲ್ಲಿನ ಕ್ಲಿನಿಕ್ ಭೇಟಿಗಳಿಗೆ, ಚಿಕಿತ್ಸಾ ನಿರ್ಧಾರದ ಸಂಕೀರ್ಣತೆ ಅಥವಾ ಆ ದಿನ ವೈದ್ಯರು ಕೊಟ್ಟ ಒಟ್ಟು ಸಮಯ, ಎರಡರಲ್ಲಿ ಒಂದನ್ನು ಆಧರಿಸಿ ಬಿಲ್ ಮಾಡಬಹುದು. ಹಳೇ ರಿಪೋರ್ಟ್ ಓದಿದ್ದು, ಟಿಪ್ಪಣಿ ಬರೆದದ್ದೂ ಲೆಕ್ಕಕ್ಕೆ ಬರುತ್ತೆ. ಹಳೇ ರೋಗಿಯ ಅತಿ ದೀರ್ಘ ಭೇಟಿಯ ಕೋಡ್ 99215. ಅದಕ್ಕೆ ಕನಿಷ್ಠ 40 ನಿಮಿಷ. ಅದರ ಮೇಲೆ ಪ್ರತಿ 15 ನಿಮಿಷಕ್ಕೆ 99417 ಅನ್ನುವ ಇನ್ನೊಂದು ಕೋಡ್.

ಕೇಳೋಕೆ ಚೆನ್ನಾಗಿದೆ. ಆದರೆ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಈ ಲೆಕ್ಕವನ್ನು ಒಪ್ಪದೆ ತನ್ನದೇ ಕೋಡ್ ತಂದಿತು. ಅದರಲ್ಲಿ ಹೆಚ್ಚುವರಿ ಹಣ ಶುರುವಾಗುವುದು 69ನೇ ನಿಮಿಷದಿಂದ. ಹಾಗಾಗಿ ಒಂದು ಗಂಟೆಯ ಅದೇ ಭೇಟಿಗೆ ಒಂದು ವಿಮೆ ಹೆಚ್ಚು ಕೊಡಬಹುದು, ಇನ್ನೊಂದು ಕೊಡಲ್ಲ. ಕೋಡ್ ಬರೆಯೋಕೇ ಒಂದು ಉದ್ಯೋಗವರ್ಗ, ಅದನ್ನು ಪರಿಶೀಲಿಸೋಕೆ ಮತ್ತೊಂದು. ವಿಮೆ ಕೊಡದಿದ್ದ ಬಾಕಿ ರೋಗಿಯ ತಲೆಗೆ. ಸಮಯಕ್ಕೆ ಬೆಲೆ ಕಟ್ಟಬೇಕು ಅನ್ನುವುದು ಅಲ್ಲಿಂದ ಕಲಿಯಬೇಕಾದ ಪಾಠ. ಆ ಬೆಲೆ ರೋಗಿಯ ಜೇಬಿನಿಂದ ಬರಬಾರದು ಅನ್ನುವುದು ಇನ್ನೊಂದು.

ಕಾನೂನು ಇದೆ, ಬೋರ್ಡ್ ಎಲ್ಲಿದೆ?

ನಮ್ಮಲ್ಲಿ ನಿಯಮಗಳೇ ಇಲ್ಲ ಅಂತಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನೀತಿ ನಿಯಮಗಳ ಪ್ರಕಾರ ವೈದ್ಯರು ಫೀಸನ್ನು ಸೇವೆ ಕೊಡುವ ಮೊದಲೇ ಹೇಳಬೇಕು, ಫೀಸು ಮತ್ತು ಇತರ ಶುಲ್ಕಗಳನ್ನು ಬೋರ್ಡಿನಲ್ಲಿ ಹಾಕಬೇಕು. 2023ರಲ್ಲಿ ಬಂದ ಹೊಸ ನಿಯಮಗಳನ್ನು ಅದೇ ಆಗಸ್ಟಿನಲ್ಲಿ ತಡೆಹಿಡಿದಿದ್ದರಿಂದ ಹಳೇ ನಿಯಮಗಳೇ ಮುಂದುವರಿದವು. ಇನ್ನು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ದರಪಟ್ಟಿಯನ್ನು ರೋಗಿಗಳಿಗೆ ಸಿಗುವಂತೆ ಇಡಬೇಕು ಅನ್ನುತ್ತೆ.

2017ರಲ್ಲಿ ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಈ ಕಾಯ್ದೆಗೆ ತಿದ್ದುಪಡಿ ತಂದಾಗ ಏನಾಯ್ತು ನೆನಪಿದೆಯಾ? ಸರ್ಕಾರವೇ ದರ ನಿಗದಿ ಮಾಡುವ, ತಪ್ಪಿದರೆ ಜೈಲು ಅನ್ನುವ ಅಂಶಗಳ ವಿರುದ್ಧ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಒಪಿಡಿ ಬಂದ್ ಮಾಡಿದರು, ಬೆಳಗಾವಿಯಲ್ಲಿ ಧರಣಿ ಕೂತರು. ಕೊನೆಗೆ ಮಸೂದೆ ಸಡಿಲವಾಗಿ ಪಾಸಾಯ್ತು. ರೋಗಿಗಳ ಹಕ್ಕುಪಟ್ಟಿ ಮತ್ತು ಜಿಲ್ಲಾಧಿಕಾರಿ ಅಧ್ಯಕ್ಷತೆಯ ದೂರು ಪ್ರಾಧಿಕಾರ ಉಳಿದವು. ಆ ಜಗಳ ಇಡೀ ನಡೆದದ್ದು 'ಎಷ್ಟು ದುಡ್ಡು' ಅನ್ನುವುದರ ಮೇಲೆ. 'ಆ ದುಡ್ಡಿಗೆ ಏನು' ಅನ್ನುವ ಪ್ರಶ್ನೆಯನ್ನು ಎರಡೂ ಕಡೆಯವರು ಗಟ್ಟಿಯಾಗಿ ಎತ್ತಲಿಲ್ಲ.

ಆ ಪ್ರಶ್ನೆ ಬಿಟ್ಟುಹೋದದ್ದರ ಫಲ ಬಿಲ್ ಕೌಂಟರಿನಲ್ಲಿ ಕಾಣುತ್ತೆ. ನನ್ನ ಅಮ್ಮನಿಗೆ ಥೈರಾಯ್ಡ್ ಪರೀಕ್ಷೆ ಬರೆದಿದ್ದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ರಿಪೋರ್ಟ್ ತೋರಿಸೋಕೆ ಎಂಟನೇ ದಿನ ಹೋದೆವು ಅಂತ ಮತ್ತೆ ಪೂರ್ತಿ ಫೀಸು ಕಟ್ಟಿಸಿಕೊಂಡರು. ಏಳು ದಿನದೊಳಗೆ ಬಂದರೆ ಮಾತ್ರ ಫ್ರೀ ಅಂತೆ. ಆ ಮಾತು ಮೊದಲ ರಶೀದಿಯಲ್ಲೂ ಇರಲಿಲ್ಲ, ಗೋಡೆಯ ಮೇಲೂ ಇರಲಿಲ್ಲ. ಎರಡನೇ ಭೇಟಿ ನಡೆದದ್ದು ನಿಂತುಕೊಂಡೇ. ನೀವೂ ಇಂಥದ್ದನ್ನು ಕಂಡಿರ್ತೀರಿ.

ಈ ಸಮಯಕ್ಕೆ ದುಡ್ಡು ಯಾರು ಕೊಡಬೇಕು?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಅದರ ಗಮನ ಇರುವುದು ಆಸ್ಪತ್ರೆ ಸೇರಿದ ಮೇಲಿನ ಚಿಕಿತ್ಸೆಗೆ. ಖಾಸಗಿ ವಿಮೆಗಳಲ್ಲೂ ಹೆಚ್ಚಿನವು ಒಪಿಡಿಗೆ ಕೊಡಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ 2021–22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ಕೊಟ್ಟದ್ದು ಶೇ. 39.4. 2013–14ರ ಶೇ. 64.2ಕ್ಕಿಂತ ಕಡಿಮೆ, ನಿಜ. ಆದರೂ ಕ್ಲಿನಿಕ್ಕಿನ ಬಾಗಿಲಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ವಿಮೆಯ ಆಸರೆ ಇಲ್ಲ.

ಬೇರೆ ದಾರಿ ಇಲ್ಲವೇ? ನಮ್ಮ ಪಕ್ಕದಲ್ಲೇ ಇದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯನ್ನು ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವ ಕಾರ್ಮಿಕರು ಶೇ. 0.75, ಮಾಲೀಕರು ಶೇ. 3.25 ಕಟ್ಟುತ್ತಾರೆ. ಅದರಲ್ಲಿ ಹೊರರೋಗಿ ಚಿಕಿತ್ಸೆಯೂ ಸೇರಿದೆ. ಭೇಟಿಗಿಷ್ಟು ಅಂತ ಬಿಲ್ ಇಲ್ಲ. ಇಲ್ಲಿರುವ ಸಮಸ್ಯೆ ಕ್ಯೂ. ಅದನ್ನು ವೈದ್ಯರ ಸಂಖ್ಯೆ ಹೆಚ್ಚಿಸಿ ಬಗೆಹರಿಸಬಹುದು. ಹಾಗೇ 2022ರ ಡಿಸೆಂಬರಿನಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳಲ್ಲಿ ತಪಾಸಣೆ, ಔಷಧಿ, ಮೂಲ ಪರೀಕ್ಷೆ ಉಚಿತ. ರಾಜ್ಯಕ್ಕೆ 438 ಕ್ಲಿನಿಕ್‌ಗಳ ಯೋಜನೆ. ಆದರೆ ಶುರುವಿನಲ್ಲಿ ಇಟ್ಟ ವೇಳೆ ಬೆಳಗ್ಗೆ 9ರಿಂದ ಸಂಜೆ 4.30. ಆ ಹೊತ್ತಲ್ಲಿ ವಿದ್ಯಾರ್ಥಿ ಕ್ಲಾಸಲ್ಲಿ, ಗಾರ್ಮೆಂಟ್ಸ್ ಹೆಣ್ಮಗಳು ಮಿಷಿನ್ ಮುಂದೆ.

ಹಾಗಾಗಿ ಕೇಳಬೇಕಾದ್ದು ಮೂರು. ಒಂದು, ಕೆಪಿಎಂಇ ದರಪಟ್ಟಿಯಲ್ಲಿ ಮೊದಲ ಭೇಟಿ, ದೀರ್ಘ ಭೇಟಿ, ರಿಪೋರ್ಟ್ ತೋರಿಸುವ ಭೇಟಿ ಮೂರನ್ನೂ ಬೇರೆಬೇರೆ ನಮೂದಿಸಬೇಕು. ಮರುಭೇಟಿಯ ಗಡುವು ರಶೀದಿಯಲ್ಲೇ ಇರಬೇಕು. ಎರಡು, ನಮ್ಮ ಕ್ಲಿನಿಕ್‌ಗಳು ಎಲ್ಲ ಕಡೆ ಸಂಜೆಯೂ ತೆರೆದಿರಬೇಕು, ವಾರಕ್ಕೆ ಕೆಲವು ಗಂಟೆ ದೀರ್ಘ ಸಮಾಲೋಚನೆಗೆ ಮೀಸಲಾಗಬೇಕು. ಮೂರು, ಆರೋಗ್ಯ ಕರ್ನಾಟಕದಲ್ಲಿ ಮಾನಸಿಕ ಆರೋಗ್ಯ, ಸಕ್ಕರೆ ಕಾಯಿಲೆಯಂಥವುಗಳ ಹೊರರೋಗಿ ಭೇಟಿಗೂ ದುಡ್ಡು ಇಡಬೇಕು. ದೀರ್ಘ ಭೇಟಿಗೆ ಹೆಚ್ಚು ಕೊಡಬೇಕಾದರೆ ಸರ್ಕಾರ ಕೊಡಲಿ. ಮೊದಲನೆಯದಕ್ಕೆ ಹೊಸ ಕಾನೂನೇ ಬೇಡ. ಜಿಲ್ಲಾ ಪ್ರಾಧಿಕಾರ ಮನಸ್ಸು ಮಾಡಿದರೆ ಸಾಕು.

ಜ್ಞಾನಭಾರತಿ ಸುತ್ತಮುತ್ತ ವಿಶ್ವವಿದ್ಯಾಲಯ ಇದೆ, ಕಾನೂನು ಶಾಲೆ ಇದೆ, ಸಾವಿರಾರು ವಿದ್ಯಾರ್ಥಿಗಳಿದ್ದಾರೆ. ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ದರಪಟ್ಟಿ ಎಲ್ಲಿದೆ ಅಂತ ಕೇಳಿ, ರಶೀದಿ ಕೇಳಿ ತಗೊಳ್ಳಿ. ದರಪಟ್ಟಿ ಇಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಒಂದು ದೂರು ಬರೆಯಿರಿ. ಒಬ್ಬರು ಬರೆದರೆ ಅದು ಫೈಲಿನಲ್ಲಿ ಕೂರುತ್ತೆ. ಇನ್ನೂರು ಜನ ಬರೆದರೆ ಉತ್ತರ ಕೊಡಲೇಬೇಕಾಗುತ್ತೆ.