ಮಾರಿದ್ದೂ ನೀವೇ, ನಿಟ್ಟುಸಿರು ಬಿಡೋದೂ ನೀವೇನಾ?

ಹೋದ ತಿಂಗಳು ಮೈಸೂರಲ್ಲಿ ಮದುವೆ ಮುಗಿಸ್ಕೊಂಡು ಬರ್ತಾ ಶ್ರೀರಂಗಪಟ್ಟಣದ ಹತ್ರ ‘ಪಯಣ’ ನೋಡೋಕೆ ಇಳಿದ್ವಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟಿರೋ ಹಳೇ ಕಾರುಗಳ ಮ್ಯೂಸಿಯಂ ಅದು. ಬಲು ಚೆನ್ನಾಗಿ ಒರೆಸಿ, ಹೊಳಪು ಕೊಟ್ಟು ಇಟ್ಟಿದಾರೆ, ನೋಡದೇ ಇರೋರು ಹೋಗ್ಬನ್ನಿ. ನಾನು ಹೇಳಬೇಕು ಅಂತಿರೋದು ಮ್ಯೂಸಿಯಂ ವಿಷಯ ಅಲ್ಲ. ಅಲ್ಲಿ ನಮ್ಮ ಗಂಡಸರು ಮಾಡಿದ ಕೂತ.

ನಮ್ಮನೆಯವ್ರು, ನಮ್ಮ ಮೈದುನ, ನಾದಿನಿ ಗಂಡ, ಮೂರು ಜನನೂ ಒಂದು ಹಳೇ ಕಾರಿನ ಮುಂದೆ ಕೈ ಕಟ್ಕೊಂಡು ನಿಂತ್ರು, ದೇವಸ್ಥಾನದಲ್ಲಿ ನಿಂತ ಹಾಗೆ. ‘ನಮ್ಮ ಪದ್ಮಿನಿ ಇದ್ದಿದ್ರೆ ಇವತ್ತು ಲಕ್ಷಗಟ್ಟಲೆ ಬಾಳೋದು ಕಣೋ’ ಅಂತ ಒಬ್ರು. ‘800 ಆದ್ರೂ ಇಟ್ಕೋಬೇಕಿತ್ತು’ ಅಂತ ಇನ್ನೊಬ್ರು. ಆಮೇಲೆ ಮೂರೂ ಜನದ್ದು ಸೇರಿ ಒಂದು ನಿಟ್ಟುಸಿರು. ನನಗೆ ಮೈಯೆಲ್ಲ ಉರಿದೋಯ್ತು. ಮಾರಿದ್ದು ಯಾರು? ನಾನಾ? ನನ್ನ ಒಂದು ಮಾತು ಕೇಳಿದ್ರಾ?

ಮೊದಲು ಪದ್ಮಿನಿ ಕತೆ ಹೇಳ್ತೀನಿ. 1994ರಲ್ಲಿ ಪೀಣ್ಯದಲ್ಲಿ ನಮ್ಮ ಟರ್ನಿಂಗ್ ಶಾಪು ಸ್ವಲ್ಪ ಕೈಗೆ ಹತ್ತಿತ್ತು. ಆಗ ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದು. ಕೆನೆ ಬಣ್ಣ, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಫಿಯೆಟ್ ಅಂತಿದ್ದ ಕಾರಿಗೇ 1974ರಲ್ಲಿ ಪದ್ಮಿನಿ ಅಂತ ರಾಣಿ ಹೆಸರಿಟ್ರು. ಹೆಸರಿಗೆ ತಕ್ಕ ಹಾಗೆ ರಾಣಿನೇ ಅದು, ಬೆಳಗ್ಗೆ ಎಬ್ಬಿಸಿದ ತಕ್ಷಣ ಏಳ್ತಿರಲಿಲ್ಲ. ಡಿಸೆಂಬರ್ ಚಳಿಯಲ್ಲಿ ಚೋಕ್ ಎಳೆದು ಎಳೆದು ಸಾಕಾಗಿ, ಕೊನೆಗೆ ‘ಲೇ, ಸ್ವಲ್ಪ ಬಾರೇ’ ಅನ್ನೋರು. ಸ್ಟೀರಿಂಗ್ ಹಿಡ್ಕೊಂಡು ಅವರು ಒಳಗೆ, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ನಾನು ಮತ್ತೆ ನಮ್ಮತ್ತೆ ಹಿಂದುಗಡೆ. ತಳ್ಳಿ ತಳ್ಳಿ ಬೀದಿ ಕೊನೆ ನಲ್ಲಿ ಹತ್ರ ಹೋದಾಗ ಢರ್ ಅನ್ನೋದು. ನೀರು ಹಿಡಿಯೋರೆಲ್ಲ ಕೊಡ ಇಳಿಸಿ ನಗ್ತಿದ್ರು.

ದೇವರಾಯನದುರ್ಗ ಹತ್ತಿದ್ರೆ ರೇಡಿಯೇಟರ್ ಕುದಿಯೋದು. ಅದಕ್ಕೆ ಎರಡು ಕ್ಯಾನ್ ನೀರು ತುಂಬಿಟ್ಕೋತಿದ್ದೋಳು ನಾನು. ಬಿಸಿಲಲ್ಲಿ ಪೆಟ್ರೋಲ್ ಪಂಪ್ ಕಾದು ಗಾಡಿ ನಿಂತೋದ್ರೆ ಒದ್ದೆ ಬಟ್ಟೆ ಹಾಕಿ ತಣ್ಣಗೆ ಮಾಡಬೇಕು. ಯಾರ ಬಟ್ಟೆ? ನನ್ನ ಮಗನ ಒರೆಸೋ ಟವೆಲ್ಲು. ಈಗ ಗಂಡಸರು ಕೂತು ಅದರ ಹಾರ್ನ್ ಶಬ್ದ, ಆ ಸೋಫಾ ಥರ ಸೀಟು ಅಂತ ಹೇಳ್ಕೋತಾರಲ್ಲ, ಅವರ ನೆನಪಲ್ಲಿ ಯಾರೂ ತಳ್ಳೋದೇ ಇಲ್ಲ! 1999ರಲ್ಲಿ ಒಂದು ಸಂಜೆ ಶಾಪಿಂದ ಆಟೋದಲ್ಲಿ ಬಂದ್ರು. ‘ಗಾಡಿ ಎಲ್ರೀ?’ ಅಂದ್ರೆ ‘ಕೊಟ್ಬಿಟ್ಟೆ, ಹದಿನೆಂಟು ಸಾವಿರಕ್ಕೆ’ ಅಂದ್ರು, ಶೂ ಬಿಚ್ಚುತ್ತಾ. ಅಷ್ಟೇ. ನನ್ನ ಒಂದು ಛತ್ರಿ ಅದರ ಡಿಕ್ಕಿಯಲ್ಲೇ ಹೋಯ್ತು.

ಪದ್ಮಿನಿಗೆ ನಾನು ಅಷ್ಟು ಅಳಲಿಲ್ಲ, ನಿಜ ಹೇಳ್ತೀನಿ. ಹೊಟ್ಟೆ ಉರಿಯೋದು 800ಗೆ.

ಮಾರುತಿ 800 ನಮ್ಮ ದೇಶದಲ್ಲಿ ಬಂದಿದ್ದು 1983ರ ಡಿಸೆಂಬರಲ್ಲಿ. ನಮ್ಮನೆಗೆ ಬರೋಕೆ 2002 ಆಯ್ತು. ಅದರ ಮುಂಗಡಕ್ಕೆ ಕೊಟ್ಟಿದ್ದು ನನ್ನ ಚೀಟಿ ದುಡ್ಡು, ಅರವತ್ತು ಸಾವಿರ. ತಿಂಗಳು ತಿಂಗಳು ಸೊಪ್ಪಿನವಳ ಹತ್ರ ಚೌಕಾಸಿ ಮಾಡಿ ಕಟ್ಟಿದ್ದು. ಉಳಿದಿದ್ದು ಬ್ಯಾಂಕ್ ಸಾಲ. ಆರ್‌ಸಿ ಯಾರ ಹೆಸರಿಗೆ? ಕೇಳಬೇಕಾ! ‘ಯಾರ ಹೆಸರಲ್ಲಿದ್ರೆ ಏನೇ, ಮನೆ ಗಾಡಿ ತಾನೆ’ ಅಂದ್ರು. ನಾನೂ ಹೂಂ ಅಂದೆ. ದಡ್ಡಿ ನಾನು.

2004ರಲ್ಲಿ, ನನಗೆ 33 ವರ್ಷ ಆಗಿದ್ದಾಗ, ಡ್ರೈವಿಂಗ್ ಕಲಿತೆ. ಬಾಗಲಗುಂಟೆ ಕಡೆ ಆಗಿನ್ನೂ ಸೈಟು ಮಾಡಿ ಹಾಗೇ ಬಿಟ್ಟಿದ್ದ ಬಯಲಿತ್ತು. ಬೆಳಗ್ಗೆ ಆರಕ್ಕೆ ಕಲ್ಲು ಇಟ್ಕೊಂಡು ಎಂಟು ಹಾಕೋದು, ಹಿಂದಕ್ಕೆ ತೆಗೆಯೋದು. ಲೈಸೆನ್ಸ್ ಬಂದ ದಿನ ನಮ್ಮತ್ತೆ ಕಾರಿಗೆ ನಿಂಬೆಹಣ್ಣು ಇಟ್ಟು, ‘ನಮ್ಮ ವಂಶದಲ್ಲೇ ಗಾಡಿ ಬಿಟ್ಟ ಹೆಂಗಸು ನೀನೇ ಕಣಮ್ಮಿ’ ಅಂದಿದ್ರು. ಅದೇ ಅತ್ತೆ ಅವರ ಕೊನೇ ಎರಡು ವರ್ಷ ಆಸ್ಪತ್ರೆಗೆ ಹೋಗಿದ್ದು ಅದೇ ಕಾರಲ್ಲಿ, ನನ್ನ ಪಕ್ಕದ ಸೀಟಲ್ಲಿ. ಗೊರಗುಂಟೆಪಾಳ್ಯದ ಸಿಗ್ನಲ್ಲಲ್ಲಿ ಅರ್ಧ ಗಂಟೆ ನಿಂತ್ರೆ ಅಡಿಕೆ ಎಲೆ ಮಡಿಚ್ಕೊಂಡು ಊರಿನ ಕತೆ ಹೇಳೋರು. ಮನೆಯಲ್ಲಿ ನಲವತ್ತು ವರ್ಷ ಯಾರ ಹತ್ರನೂ ಹೇಳದೇ ಇದ್ದಿದ್ದನ್ನ ಆ ಕಾರಲ್ಲಿ ಹೇಳಿದ್ರು. ಅದನ್ನೆಲ್ಲ ಇಲ್ಲಿ ಬರೆಯಲ್ಲ.

ಮಗನ ಸ್ಕೂಲು, ರಾಗಿ ಮಿಲ್ಲು, ಗ್ಯಾಸ್ ಸಿಲಿಂಡರು, ಅಮ್ಮನ ಮನೆ ಎಲ್ಲಾ ಅದರಲ್ಲೇ. ಶಾಪಲ್ಲಿ ಹುಡುಗ ಬರದೇ ಇದ್ದ ದಿನ ಬುಷ್ ಮೂಟೆ ಹಿಂದಿನ ಸೀಟಿಗೆ ಹಾಕ್ಕೊಂಡು ಪ್ಲೇಟಿಂಗ್‌ಗೆ ಕೊಟ್ಟು ಬಂದಿದೀನಿ. ಗೇಟ್ ಹತ್ರ ಸೆಕ್ಯೂರಿಟಿ ‘ಮೇಡಂ, ಆಫೀಸಾ, ಲೋಡಾ?’ ಅಂತ ಕೇಳೋನು. ಮೂರು ಸಿಲಿಂಡರ್, 796 ಸಿಸಿ, ಅಷ್ಟೇ ಅದರ ಶಕ್ತಿ. ನಮ್ಮ ಇಪ್ಪತ್ತಡಿ ರಸ್ತೆಯಲ್ಲಿ ಎದುರಿಗೆ ಟ್ಯಾಂಕರ್ ಬಂದ್ರೂ ಗೋಡೆಗೆ ಒತ್ತಿ ನಿಲ್ಲಿಸ್ಬಹುದಿತ್ತು.

2016ರಲ್ಲಿ ಮಗನಿಗೆ ವೈಟ್‌ಫೀಲ್ಡಲ್ಲಿ ಕೆಲಸ ಆಯ್ತು. ಮೂರನೇ ತಿಂಗಳಿಗೆ ಅಪ್ಪ ಮಗ ಇಬ್ಬರೂ ಶೋರೂಮಿಗೆ ಹೋದ್ರು. ‘ಎಕ್ಸ್‌ಚೇಂಜ್ ಆಫರ್ ಈ ಭಾನುವಾರಕ್ಕೆ ಮುಗಿಯುತ್ತೆ’ ಅಂದ್ರಂತೆ. ಭಾನುವಾರ ಸಂಜೆಗೆ ನನ್ನ 800 ಹೋಯ್ತು, ನಲವತ್ತೆರಡು ಸಾವಿರಕ್ಕೆ. ಬೆಟ್ಟದಷ್ಟು ಎತ್ತರದ ಡೀಸೆಲ್ ಗಾಡಿ ಬಂತು. ನಾನು ಮಾಡಿದ್ದು ಆರತಿ. ‘ನೀನೂ ಓಡಿಸ್ಬಹುದಮ್ಮ’ ಅಂದ ಮಗ. ಒಂದು ಸಲ ಕೂತೆ. ಬಾನೆಟ್ ಎಲ್ಲಿ ಮುಗಿಯುತ್ತೆ ಅಂತ ಕಾಣ್ಸಲ್ಲ. ಗೇಟಿನ ಕಂಬಕ್ಕೆ ಎಡಗಡೆ ಸ್ವಲ್ಪ ತಾಗಿತು. ಆವತ್ತು ಯಾರೂ ಬಯ್ಯಲಿಲ್ಲ, ಆದ್ರೆ ಆವತ್ತಿಂದ ಕೀ ಫ್ರಿಜ್ಜಿನ ಮೇಲಿಂದ ಬೀರುವಿಗೆ ಹೋಯ್ತು.

ಮಗ ಕಂಪನಿ ಕ್ಯಾಬಲ್ಲಿ ಹೋಗ್ತಾನೆ. ಇವರು ಶಾಪಿಗೆ ಸ್ಕೂಟರಲ್ಲಿ. ದೊಡ್ಡ ಕಾರು ವಾರವೆಲ್ಲ ಕವರ್ ಹೊದ್ಕೊಂಡು ಮಲಗಿರುತ್ತೆ, ಅದರ ಮೇಲೆ ಬೆಕ್ಕು. ನಾನು ಆಟೋಗೆ ಕೈ ಅಡ್ಡ ಹಾಕ್ತಾ ನಿಂತಿರ್ತೀನಿ. ಮೆಟ್ರೋ ಇದೆಯಲ್ಲ ಅಂತೀರ. ಇದೆ, ನಾಗಸಂದ್ರದವರೆಗೂ 2015ರಲ್ಲೇ ಬಂತು. ಆದ್ರೆ ಹತ್ತು ಕೇಜಿ ರಾಗಿ ಹೊತ್ಕೊಂಡು ಮಿಲ್ಲಿಗೆ ಮೆಟ್ರೋದಲ್ಲಿ ಹೋಗ್ಲಾ?

ಯಾಕೆ ಮಾರಿದ್ರಿ ಅಂತ ಕೇಳಿದಾಗೆಲ್ಲ ಬರೋ ಉತ್ತರ: ‘ಹದಿನೈದು ವರ್ಷ ಆದ್ಮೇಲೆ ಗೌರ್ಮೆಂಟೇ ಗುಜರಿಗೆ ಹಾಕಿಸುತ್ತೆ.’ ಈ ಮಾತಿಗೆ ಹೆದರಿ ನಮ್ಮ ಬೀದೀಲೇ ನಾಲ್ಕು ಮನೆಯವರು ಗಾಡಿ ಕೊಟ್ರು. ಅಕ್ಕಂದಿರೇ, ಸರಿಯಾಗಿ ತಿಳ್ಕೊಳ್ಳಿ. ಹತ್ತು ವರ್ಷದ ಡೀಸೆಲ್ಲು, ಹದಿನೈದು ವರ್ಷದ ಪೆಟ್ರೋಲ್ ಗಾಡಿ ಓಡಿಸ್ಬಾರದು ಅನ್ನೋ ಗಲಾಟೆಯೆಲ್ಲ ದೆಹಲಿ ಕಡೆದು. ನಮ್ಮಲ್ಲಿ ಮನೆ ಕಾರಿಗೆ ಹದಿನೈದು ವರ್ಷ ಆದ್ರೆ ಆರ್‌ಟಿಓಗೆ ತಗೊಂಡೋಗಿ ತೋರಿಸಿ, ಗಾಡಿ ಗಟ್ಟಿಯಾಗಿದ್ರೆ ಫೀಸು, ಹಸಿರು ತೆರಿಗೆ ಕಟ್ಟಿ ಆರ್‌ಸಿನ ಐದು ವರ್ಷಕ್ಕೆ ರಿನ್ಯೂ ಮಾಡಿಸ್ಬಹುದು. ನಮ್ಮ 800ಗೆ ಹದಿನೈದು ತುಂಬ್ತಿದ್ದ 2017ರಲ್ಲಿ ಆ ಫೀಸು 600 ರೂಪಾಯಿ. 2022ರ ಏಪ್ರಿಲಿಂದ ಅದನ್ನ 5000 ಮಾಡಿದ್ರು, ಜಾಸ್ತಿನೇ, ನಾನು ಒಪ್ಪಲ್ಲ. ಆದ್ರೂ ದೊಡ್ಡ ಕಾರಿನ ಒಂದು ತಿಂಗಳ ಕಂತಿಗಿಂತ ಕಮ್ಮಿ. 600 ರೂಪಾಯಿ ಕಟ್ಟೋಕೆ ಆಗಲಿಲ್ಲ ಇವರಿಗೆ!

ಇನ್ನೊಂದು ಉತ್ತರ: ಹಳೇದು, ರಿಪೇರಿ ಬರುತ್ತೆ. ಬರುತ್ತಪ್ಪಾ. ಕುಕ್ಕರ್ ಗ್ಯಾಸ್ಕೆಟ್ ಹೋದ್ರೆ ಕುಕ್ಕರ್ ಬಿಸಾಕ್ತೀವಾ? ಗ್ರೈಂಡರ್ ಬೆಲ್ಟ್ ಹರಿದ್ರೆ ಗ್ರೈಂಡರ್ ಮಾರ್ತೀವಾ? ನಮ್ಮ ತಲೆ ಮೇಲಿರೋ ಪೀಣ್ಯ ಫ್ಲೈಓವರ್‌ನೇ ನೋಡಿ. ಶುರುವಾಗಿದ್ದು 2010ರಲ್ಲಿ. 2021ರ ಡಿಸೆಂಬರಲ್ಲಿ ಕೇಬಲ್ ಕೆಟ್ಟಿದೆ ಅಂತ ಮುಚ್ಚಿದ್ರು. ಹನ್ನೊಂದು ವರ್ಷಕ್ಕೇ! ಕೆಳಗಡೆ ನಾವು ಎಷ್ಟು ಹೊಗೆ ಕುಡಿದ್ವಿ ನೆನಪಿದೆಯಲ್ಲ. ಆಮೇಲೆ ಹೊಸ ಕೇಬಲ್ ಹಾಕಿದ್ರು, ಈಗ ಮತ್ತೆ ಲಾರಿ ಓಡ್ತಿದೆ. ‘ಹಳೇದಾಯ್ತು, ಎಕ್ಸ್‌ಚೇಂಜ್ ಮಾಡೋಣ’ ಅಂತ ಯಾರಾದ್ರೂ ಅಂದ್ರಾ?

ಪಕ್ಕದ ಮನೆ ಟೀಚರಮ್ಮ ಇದನ್ನ ಕೇಳಿ, ‘ಅದರಲ್ಲಿ ಏರ್‌ಬ್ಯಾಗ್ ಇರಲಿಲ್ಲ ಕಣ್ರೀ, ಹೊಗೆ ಬೇರೆ’ ಅಂದ್ರು. ಅದು ನಿಜ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಹೊಗೆ ನಿಯಮ ಬಿಗಿಯಾಗಿದ್ದಕ್ಕೇ 2010ರ ಏಪ್ರಿಲಿಂದ ಬೆಂಗಳೂರಲ್ಲಿ ಹೊಸ 800 ಮಾರೋದು ನಿಂತಿತು, 2014ರ ಜನವರಿಯಲ್ಲಿ ತಯಾರಿಸೋದೂ ನಿಂತಿತು. ತುಮಕೂರು ಹೈವೇಲಿ ನೂರರ ಸ್ಪೀಡಲ್ಲಿ ಹೋಗೋಕೆ ದೊಡ್ಡ ಗಾಡಿನೇ ಸರಿ, ಅದನ್ನ ತರಬೇಡಿ ಅಂತ ನಾನು ಯಾವತ್ತೂ ಅನ್ನಲಿಲ್ಲ. ಮಿಲ್ಲಿಗೆ, ತರಕಾರಿಗೆ, ಮೂವತ್ತರ ಸ್ಪೀಡಲ್ಲಿ ಹೋಗೋ ನನ್ನ ಗಾಡಿನ ಯಾಕೆ ಅದರ ಬಾಯಿಗೆ ಹಾಕಿದ್ರಿ ಅಂತ ಕೇಳ್ತಿದೀನಿ. ಗೇಟ್ ಪಕ್ಕ ಜಾಗ ಇತ್ತು. ಈಗ ಅಲ್ಲಿ ಒಡೆದ ಸಿಂಟೆಕ್ಸ್ ಇದೆ.

ನಮ್ಮ ಓರಗಿತ್ತಿದು ಇನ್ನೊಂದು. ಅವರ ಮನೆ ಎಲೆಕ್ಟ್ರಾನಿಕ್ ಸಿಟಿ ಹತ್ರ. ಬೊಮ್ಮಸಂದ್ರದಲ್ಲಿ 2001ರಿಂದ ರೇವಾ ಅಂತ ಕರೆಂಟ್ ಕಾರು ಮಾಡ್ತಿದ್ರು, ನೆನಪಿದೆಯಾ? ಆಟದ ಸಾಮಾನಿನ ಥರ ಎರಡೇ ಬಾಗಿಲು, ಲಂಡನ್ನಲ್ಲಿ ಜೀ-ವಿಝ್ ಅಂತ ಹೆಸರಲ್ಲಿ ಓಡ್ತಿತ್ತು. ಗೇರಿಲ್ಲ, ಕ್ಲಚ್ಚಿಲ್ಲ, ಅದಕ್ಕೇ ಅವಳು ನಾಲ್ಕೇ ದಿನದಲ್ಲಿ ಕಲಿತಳು. ರಾತ್ರಿ ವೈರ್ ಸಿಕ್ಕಿಸಿ ಬೆಳಗ್ಗೆ ತಗೊಂಡು ಹೋಗ್ತಿದ್ಳು. ಬ್ಯಾಟರಿಗೆ ವಯಸ್ಸಾಯ್ತು, ಎಲ್ಲಾ ಬ್ಯಾಟರಿಗೂ ಆಗುತ್ತೆ. ಹೊಸದು ಹಾಕ್ಸೋ ದುಡ್ಡು ದಂಡ ಅಂತ ಮೈದುನ ಅವಳು ತವರಿಗೆ ಹೋದಾಗ ಗಾಡಿ ಸಾಗಿಸಿದ. ಈಗ ಅದೇ ಮೈದುನ ಎಲೆಕ್ಟ್ರಿಕ್ ಕಾರೇ ಭವಿಷ್ಯ ಅಂತ ದಿನಾ ವಾಟ್ಸಾಪಲ್ಲಿ ಹಾಕ್ತಾನೆ. ‘ಪಯಣ’ದಲ್ಲಿ ಜೋರಾಗಿ ನಿಟ್ಟುಸಿರು ಬಿಟ್ಟಿದ್ದೂ ಅವನೇ.

ನೋಡಿ, ಮನೆಯಲ್ಲಿ ಹೆಂಗಸು ಓಡಿಸೋ ಗಾಡಿನೇ ಯಾವಾಗ್ಲೂ ಮೊದಲು ‘ಹಳೇದು’ ಆಗೋದು. ಅದಕ್ಕೆ ಹೇಳ್ತಿದೀನಿ, ನಿಮ್ಮ ಕೈಲಿ ಓಡ್ತಿರೋ ಗಾಡಿ ಇದ್ರೆ, ಆಕ್ಟಿವಾನೇ ಆಗ್ಲಿ, ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಆರ್‌ಸಿ ಹೆಸರಿನವರ ಸಹಿ ಇಲ್ಲದೆ ಗಾಡಿ ಇನ್ನೊಬ್ಬರ ಹೆಸರಿಗೆ ಹೋಗಲ್ಲ. ಶೂ ಬಿಚ್ಚುತ್ತಾ ‘ಕೊಟ್ಬಿಟ್ಟೆ’ ಅನ್ನೋಕೆ ಆಗಲ್ಲ ಆಗ. ಮನೆಯವ್ರಿಗೆ ಬೇಜಾರಾಗುತ್ತೆ ಅಂತೀರಾ? ನನಗೆ ಒಂಬತ್ತು ವರ್ಷದಿಂದ ಬೇಜಾರಾಗಿದೆ, ಯಾರಾದ್ರೂ ಸತ್ತೋದ್ರಾ?

‘ಪಯಣ’ದಿಂದ ವಾಪಸ್ ಬರ್ತಾ ಬಿಡದಿ ಹತ್ರ ಕಾಫಿಗೆ ನಿಲ್ಲಿಸಿದಾಗ ಇದನ್ನೆಲ್ಲ ಎಲ್ಲರ ಮುಂದೆ ಹೇಳೇಬಿಟ್ಟೆ. ಮೂರೂ ಜನ ತಟ್ಟೆ ಇಡ್ಲಿ ನೋಡ್ಕೊಂಡು ಕೂತ್ರು. ಮನೆಗೆ ಬಂದು ಬೀರು ತೆಗೆದು ನನ್ನ ಲೈಸೆನ್ಸ್ ಹುಡುಕಿದೆ. 2021ರಲ್ಲಿ, ನನಗೆ ಐವತ್ತು ತುಂಬಿದಾಗಲೇ, ಅದರ ಅವಧಿ ಮುಗಿದೋಗಿದೆ. ನೋಡ್ಕೊಂಡೇ ಇಲ್ಲ ನಾನು. ವರ್ಷದ ಮೇಲಾಗಿರೋದ್ರಿಂದ ಮತ್ತೆ ಟೆಸ್ಟ್ ಕೊಡ್ಬೇಕು. ಕೊಡ್ತೀನಿ. ನಾಳಿದ್ದು ಕಣ್ಣು ತೋರಿಸಿ ಸರ್ಟಿಫಿಕೇಟ್ ತಗೊಳ್ಳೋಕೆ ಹೋಗ್ತಿದೀನಿ, ಬಾಗಲಗುಂಟೆಯಿಂದ ಯಾರಾದ್ರೂ ಬರೋದಿದ್ರೆ ಜೊತೇಲಿ ಆಟೋ ಮಾಡೋಣ.

ಮತ್ತೆ, ನಿಮ್ಮ ನೆಂಟರಿಷ್ಟರ ಮನೇಲಿ ಯಾರಾದ್ರೂ ಹಳೇ 800 ಕೊಡೋರಿದ್ರೆ, ಎಕ್ಸ್‌ಚೇಂಜಿಗೆ ಹಾಕೋಕೆ ಮುಂಚೆ ನನಗೊಂದು ಫೋನ್ ಮಾಡಿಸಿ. ಬಣ್ಣ ಯಾವುದಾದ್ರೂ ಪರವಾಗಿಲ್ಲ, ಎಫ್‌ಸಿ ಇರಬೇಕು, ತಳ ತುಕ್ಕು ಹಿಡಿದಿರಬಾರದು. ಚೀಟಿ ದುಡ್ಡು ಬರೋ ತಿಂಗಳು ಬರುತ್ತೆ.