ಆಯ್ದವರಿಗೆ ಫ್ಲೆಕ್ಸು, ಉಳಿದವರಿಗೆ ಏನು?

ಬೀದರ್‌ನ ಶಾಹೀನ್ ಸಂಸ್ಥೆಯ ಹೆಸರೆತ್ತಿದರೆ ನಾಡಿನ ಅರ್ಧ ಜನಕ್ಕೆ ನೀಟ್ ರ‍್ಯಾಂಕು ನೆನಪಾಗುತ್ತದೆ, ಇನ್ನರ್ಧ ಜನಕ್ಕೆ ಒಂದು ನಾಟಕ. 2020ರ ಜನವರಿ 21ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ಕುರಿತು ಅಲ್ಲಿನ ಮಕ್ಕಳು ನಾಟಕವಾಡಿದರು. ಅದಕ್ಕೆ ದೇಶದ್ರೋಹದ ಕೇಸು ಬಿತ್ತು. ಮುಖ್ಯಶಿಕ್ಷಕಿಯೂ ಒಬ್ಬ ವಿದ್ಯಾರ್ಥಿಯ ತಾಯಿಯೂ ಜೈಲು ಸೇರಿದರು. ಪೊಲೀಸರು ಸಮವಸ್ತ್ರದಲ್ಲೇ ಬಂದು ಪ್ರಾಥಮಿಕ ಶಾಲೆಯ ಮಕ್ಕಳನ್ನು ವಿಚಾರಿಸಿದರು. ಆ ವಿಚಾರಣೆಯ ರೀತಿ ಮೇಲ್ನೋಟಕ್ಕೇ ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟ್ ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಪ್ರಕರಣವನ್ನೇ ರದ್ದುಪಡಿಸಿತು. ಹೂಡಲೇಬಾರದಿದ್ದ ಕೇಸು ಅದು. ಈ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ.

ಆದರೆ ಆ ಗಲಾಟೆಯಿಂದ ಇನ್ನೊಂದು ನಷ್ಟವೂ ಆಯಿತು, ಅದನ್ನು ಯಾವ ಕೋರ್ಟೂ ತುಂಬಿಕೊಡಲಾರದು. ಬೀದರ್ ಜಿಲ್ಲೆಯ ಶಾಲೆಗಳ ಬಗೆಗಿನ ಚರ್ಚೆಯೆಲ್ಲ ‘ಅದು ಯಾರ ಸಂಸ್ಥೆ’ ಎಂಬಲ್ಲಿಗೆ ಬಂದು ನಿಂತಿತು. ಶಾಹೀನ್ ಪರ ಇದ್ದವರು ಅದನ್ನು ಪ್ರಶ್ನಿಸುವುದು ಅನ್ಯಾಯ ಎಂದುಕೊಂಡರು. ವಿರೋಧಿಸಿದವರು ಅಲ್ಲಿ ಓದುವವರ ಧರ್ಮ ಲೆಕ್ಕ ಹಾಕುತ್ತ ಕೂತರು. ಅತ್ತ ಭಾಲ್ಕಿಯವರಿಗೆ ಹಿರೇಮಠದ ಗುರುಕುಲದ ಅಭಿಮಾನ, ಇತ್ತ ಬೀದರ್‌ನವರಿಗೆ ತಮ್ಮ ತಮ್ಮ ಕಾಲೇಜುಗಳ ಅಭಿಮಾನ. ಪ್ರತಿ ವರ್ಷ ನೀಟ್ ಫಲಿತಾಂಶ ಬಂದ ಮರುದಿನ ಚೌಕ ಚೌಕದಲ್ಲೂ ಫ್ಲೆಕ್ಸುಗಳು ಎದ್ದು ನಿಲ್ಲುತ್ತವೆ, ಬಿಳಿ ಕೋಟು ತೊಡಿಸಿದ ಮಕ್ಕಳ ಪಾಸ್‌ಪೋರ್ಟ್ ಫೋಟೋಗಳ ಸಮೇತ. ಬ್ಯಾನರ್ ಅಂಗಡಿಯವರಿಗೆ ಅದು ಸುಗ್ಗಿ. ಅದೇ ಮಕ್ಕಳ ಜೊತೆ ಒಂದನೇ ತರಗತಿಗೆ ಸೇರಿದವರಲ್ಲಿ ಎಷ್ಟು ಜನ ಎಸ್‌ಎಸ್‌ಎಲ್‌ಸಿ ಮುಟ್ಟಿದರು ಎಂದು ಮಾತ್ರ ಯಾವ ಫ್ಲೆಕ್ಸೂ ಹೇಳುವುದಿಲ್ಲ. 2020ರಲ್ಲಿ ನೀಟ್‌ನಲ್ಲಿ ದೇಶಕ್ಕೆ 9ನೇ ರ‍್ಯಾಂಕ್ ಬಂದದ್ದು ಬೀದರ್‌ನ ಕಾಲೇಜಿಗೆ; ಎಸ್‌ಎಸ್‌ಎಲ್‌ಸಿ ಜಿಲ್ಲಾವಾರು ಪಟ್ಟಿಯಲ್ಲಿ ತಳದ ಸಾಲಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದೂ ಇದೇ ಬೀದರ್ ಜಿಲ್ಲೆ. ಇವೆರಡೂ ಒಟ್ಟಿಗೆ ಹೇಗೆ ಸಾಧ್ಯ ಎಂಬುದಕ್ಕೆ ನಾವು ಜಗಳವಾಡಬೇಕಿತ್ತು.

ಈ ಸಂಸ್ಥೆಗಳು ಹುಟ್ಟಿದ್ದು ಹೀಗೆ ಮಕ್ಕಳನ್ನು ಆರಿಸುವುದಕ್ಕಲ್ಲ. ಭಾಲ್ಕಿಯ ಕಥೆ ಎಲ್ಲಕ್ಕಿಂತ ಹಳೆಯದು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆಯನ್ನು ಈ ಭಾಗದಲ್ಲಿ ಯಾರೂ ಪುಸ್ತಕ ತೆರೆದು ಓದಬೇಕಿಲ್ಲ, ಅದು ಮನೆಮಾತು. ಅವರು ಹುಟ್ಟಿದ್ದು ಮೊನ್ನೆಮೊನ್ನೆಯವರೆಗೂ ಔರಾದ್ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ. ಕನ್ನಡದ ಮೇಷ್ಟ್ರು ಸಿಗುವುದೇ ದುಸ್ತರವಾಗಿದ್ದ ಕಾಲದಲ್ಲಿ ಅವರು ಕಮಲನಗರ, ಭಾಲ್ಕಿಗಳಲ್ಲಿ ಶಾಲೆ ಕಟ್ಟಿದರು. ಮಗುವನ್ನು ಪರೀಕ್ಷಿಸಿ ಸೇರಿಸಿಕೊಳ್ಳುವ ಮಾತು ಅಲ್ಲಿರಲಿಲ್ಲ, ಮಗು ಶಾಲೆಗೆ ಬಂದರೆ ಸಾಕಿತ್ತು. ಮುಂದೆ ಬಸವಲಿಂಗ ಪಟ್ಟದ್ದೇವರ ಕಾಲದಲ್ಲಿ ಮಠದ ವಿದ್ಯಾಸಂಸ್ಥೆಗಳು ಬೆಳೆದವು. ಕರಡ್ಯಾಳದ ಚನ್ನಬಸವೇಶ್ವರ ಗುರುಕುಲ ಜಿಲ್ಲೆಯ ಹೊರಗೂ ಹೆಸರಾಯಿತು.

ಶಾಹೀನ್‌ದೂ ಅಷ್ಟೇ. ಅಬ್ದುಲ್ ಖದೀರ್ ಎಂಬ ಎಂಜಿನಿಯರ್ 1989ರಲ್ಲಿ ಒಂದು ಕೋಣೆಯಲ್ಲಿ, ಇಪ್ಪತ್ತು ಮಂದಿಯೂ ಇಲ್ಲದ ತರಗತಿಯೊಂದಿಗೆ ಆರಂಭಿಸಿದ್ದು. ಅಂಥ ಶಾಲೆಗೆ ಮಕ್ಕಳನ್ನು ಆರಿಸುವ ಐಷಾರಾಮ ಇರುವುದಿಲ್ಲ. ಇವತ್ತು ಹಲವು ರಾಜ್ಯಗಳಲ್ಲಿ ಅದರ ಶಾಖೆಗಳಿವೆ, ಹೊರಗಿನ ಮಕ್ಕಳು ಬೀದರ್‌ಗೆ ಬಂದು ಹಾಸ್ಟೆಲ್‌ನಲ್ಲಿದ್ದು ಓದುತ್ತಾರೆ. 1472ರಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿ ದೂರದೂರದ ವಿದ್ಯಾರ್ಥಿಗಳಿಗೆ ಅನ್ನ, ವಸತಿ ಕೊಟ್ಟು ಓದಿಸಿದ ಊರಿಗೆ ಇದೇನೂ ಹೊಸದಲ್ಲ ಬಿಡಿ.

ಸಂಸ್ಥೆ ಬೆಳೆದಂತೆ ಬಾಗಿಲು ಕಿರಿದಾಗುತ್ತದೆ. ಇದನ್ನು ಯಾರೋ ಒಬ್ಬರ ಮೇಲೆ ಹೊರಿಸುವ ಅಪವಾದವಾಗಿ ಹೇಳುತ್ತಿಲ್ಲ. ರಾಜ್ಯದುದ್ದಕ್ಕೂ ಪಿಯು ವಿಜ್ಞಾನ ಕಾಲೇಜುಗಳ ವ್ಯಾಪಾರವೇ ಹೀಗೆ ನಡೆಯುತ್ತಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ತೊಂಬತ್ತು ದಾಟಿದವರಿಗೆ ಸ್ಕಾಲರ್‌ಶಿಪ್ ಟೆಸ್ಟು, ಫೀಸಿನಲ್ಲಿ ರಿಯಾಯಿತಿ, ಬೇರೆ ಸೆಕ್ಷನ್ನು, ಒಳ್ಳೆಯ ಲೆಕ್ಚರರು. ಎರಡು ವರ್ಷದ ನಂತರ ಅವರ ರ‍್ಯಾಂಕನ್ನು ತೋರಿಸಿ ಮುಂದಿನ ವರ್ಷದ ತೊಂಬತ್ತು ದಾಟಿದವರನ್ನು ಕರೆಯುವುದು. ರಿಯಾಯಿತಿ ಸಿಗದವರು ಕೊಟ್ಟ ಪೂರ್ತಿ ಫೀಸೇ ಈ ರಿಯಾಯಿತಿಗೆ ದುಡ್ಡು ಎಂದು ಪಾಲಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹೀಗಿರುವಾಗ ಆ ರ‍್ಯಾಂಕಿನಲ್ಲಿ ಕಾಲೇಜಿನ ಪಾಲೆಷ್ಟು, ಆಯ್ಕೆಯ ಪಾಲೆಷ್ಟು?

ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಪ್ರವೇಶ ಪರೀಕ್ಷೆಯ ಶಾಲೆಗಳ ಬಗ್ಗೆ ಇದೇ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಕೇಳಿದ್ದರು. ಕಟ್‌ಆಫ್‌ನ ಸ್ವಲ್ಪ ಮೇಲಿದ್ದು ಸೀಟು ಪಡೆದವರನ್ನೂ ಸ್ವಲ್ಪ ಕೆಳಗಿದ್ದು ತಪ್ಪಿಸಿಕೊಂಡವರನ್ನೂ ಹೋಲಿಸಿ ನೋಡಿದರು. ನಂತರದ ಪರೀಕ್ಷೆಗಳಲ್ಲಿ ಇಬ್ಬರ ನಡುವೆ ಹೆಚ್ಚೇನೂ ಅಂತರ ಸಿಗಲಿಲ್ಲ ಎಂದು 2014ರಲ್ಲಿ ಪ್ರಕಟಿಸಿದರು. ಈ ಅಧ್ಯಯನವನ್ನು ಹಾಗೇ ಎತ್ತಿ ತಂದು ಔರಾದ್‌ಗೆ ಹಚ್ಚುವುದು ಜಾಣತನವಲ್ಲ. ಬಾಸ್ಟನ್‌ನಲ್ಲಿ ಸೀಟು ತಪ್ಪಿದ ಮಗು ಹೋದ ಶಾಲೆಯಲ್ಲೂ ಗಣಿತದ ಮೇಷ್ಟ್ರು ಇದ್ದರು. ಗಡಿಯ ಹಳ್ಳಿಯಲ್ಲಿ ಸೀಟು ತಪ್ಪಿದ ಮಗು ವಾಪಸ್ ಹೋಗುವುದು, ಅತಿಥಿ ಶಿಕ್ಷಕರು ಈ ವರ್ಷ ಯಾವಾಗ ಬರುತ್ತಾರೆಂದು ಕಾಯುವ ಶಾಲೆಗೆ.

ಇಲ್ಲಿಗೆ ಬಂದರೆ ನನ್ನ ತಕರಾರು ಶಾಹೀನ್ ಮೇಲೂ ಅಲ್ಲ, ಗುರುಕುಲದ ಮೇಲೂ ಅಲ್ಲ, ಸರ್ಕಾರದ ಮೇಲೆ. ಖಾಸಗಿಯವರು ಹದಿನಾರರ ವಯಸ್ಸಿನಲ್ಲಿ ಆರಿಸಿದರೆ ಸರ್ಕಾರ ಹತ್ತರ ವಯಸ್ಸಿನಲ್ಲೇ ಆರಿಸುತ್ತದೆ. 1986ರಲ್ಲಿ ಕೇಂದ್ರದ ನವೋದಯ ಬಂತು. 1990ರ ದಶಕದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಅದರ ಬೆನ್ನಿಗೆ ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳು ಬಂದವು. 2010-11ರಲ್ಲಿ ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗೆಂದು 74 ಆದರ್ಶ ವಿದ್ಯಾಲಯಗಳು ಬಂದವು. ಎಲ್ಲದಕ್ಕೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ. ನವೋದಯಕ್ಕೆ ಎರಡು ಗಂಟೆಯ ಪರೀಕ್ಷೆ, ಸೀಟು ಎಂಬತ್ತು, ಮೊರಾರ್ಜಿಗೆ ಐವತ್ತು. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಮಕ್ಕಳನ್ನು ಸೋಸಿ ಸೇರಿಸಿಕೊಳ್ಳುವುದನ್ನು ನಿಷೇಧಿಸುತ್ತದೆ. ಖಾಸಗಿ ಶಾಲೆಯವರು ಒಂದನೇ ತರಗತಿಗೆ ಬಂದ ಮಗುವಿಗೆ ಒಂದು ಪ್ರಶ್ನೆ ಕೇಳಿದರೂ ನೋಟಿಸು ಕೊಡಬಹುದು. ತನ್ನ ಶಾಲೆಗಳಿಗೆ ಮಾತ್ರ ಸರ್ಕಾರ ಓಎಂಆರ್ ಹಾಳೆ ಹಂಚುತ್ತದೆ.

ಇದರ ಫಲವನ್ನು ಯಾವ ತಾಲ್ಲೂಕು ಕೇಂದ್ರದಲ್ಲಾದರೂ ನೋಡಬಹುದು. ‘ನವೋದಯ, ಮೊರಾರ್ಜಿ, ಆದರ್ಶ, ಸೈನಿಕ’ ಎಂದು ಬೋರ್ಡು ಬರೆಸಿದ ಕೋಚಿಂಗ್‌ಗಳು ಬಸ್ ಸ್ಟ್ಯಾಂಡಿನ ಸುತ್ತ ಹುಟ್ಟಿಕೊಂಡಿವೆ. ನಾಲ್ಕನೇ, ಐದನೇ ತರಗತಿಯ ಮಗುವಿನ ಹೆಸರು ಊರಿನ ಸರ್ಕಾರಿ ಶಾಲೆಯ ಹಾಜರಿಯಲ್ಲಿ, ಮಗು ಮಾತ್ರ ಪೇಟೆಯ ಬಾಡಿಗೆ ಕಟ್ಟಡದ ಮೇಲ್ಮಹಡಿಯಲ್ಲಿ. ಸಾಲ ಮಾಡಿ ಕೋಚಿಂಗ್ ಫೀಸು ಕಟ್ಟಬಲ್ಲ ಮನೆಯ ಮಗು ಸರ್ಕಾರದ ಪುಕ್ಕಟೆ ಸೀಟಿಗೆ ಹತ್ತಿರವಾಗುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವ ತಾಂಡಾದ ಮಗು ಅರ್ಜಿ ಹಾಕುವ ದಿನಕ್ಕೆ ಊರಲ್ಲೇ ಇರುವುದಿಲ್ಲ. ಯಾರಿಗಾಗಿ ಈ ಶಾಲೆಗಳು ಹುಟ್ಟಿದವೋ ಅವರೇ ಮೊದಲು ಹೊರಗುಳಿಯುತ್ತಾರೆ.

ಔರಾದ್ ವಿಚಾರವಾಗಿ ಇದು ಇನ್ನೂ ಕಟುವಾಗಿದೆ. 2002ರ ನಂಜುಂಡಪ್ಪ ವರದಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅದರಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವೇ, ಔರಾದ್ ಅವುಗಳಲ್ಲೊಂದು. ಇಲ್ಲಿ ಮನೆಯಲ್ಲಿ ಮರಾಠಿ ಅಥವಾ ಲಂಬಾಣಿ, ಬಜಾರಿನಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ. ಆದರ್ಶ ವಿದ್ಯಾಲಯಕ್ಕೆ ಹೋದರೆ ಇಂಗ್ಲಿಷ್. ಇಂಥ ಮಗುವಿನ ಬುದ್ಧಿಯನ್ನು ಹತ್ತನೇ ವಯಸ್ಸಿನಲ್ಲಿ ಒಂದು ಬೆಳಗ್ಗೆ ಅಳೆದು ತೀರ್ಪು ಕೊಡುತ್ತೇವೆ. ಊರಿನ ಶಾಲೆಯಿಂದ ಚುರುಕಾದ ನಾಲ್ಕು ಮಕ್ಕಳು ಹೋದರೆ ಅವರ ಜೊತೆ, ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ‘ಮೇಷ್ಟ್ರು ಯಾಕೆ ಬಂದಿಲ್ಲ’ ಎಂದು ಕೇಳುವ ನಾಲ್ಕು ಅಪ್ಪಂದಿರೂ ಹೋಗುತ್ತಾರೆ. ಆಮೇಲೆ ಉಳಿದ ಶಾಲೆಯ ಫಲಿತಾಂಶ ಕಡಿಮೆ ಬಂತೆಂದು ಡಿಡಿಪಿಐ ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಕಾರಣ ಕೇಳಿ ನೋಟಿಸು ಕಳಿಸುತ್ತಾರೆ!

‘ಹಾಗಾದರೆ ಮೊರಾರ್ಜಿ ಶಾಲೆ ಮುಚ್ಚಬೇಕೇ, ಅಲ್ಲಿ ಮೂರು ಹೊತ್ತು ಉಂಡು ಓದಿ ನರ್ಸ್ ಆದ ಹುಡುಗಿಯನ್ನು ಏನು ಮಾಡುತ್ತೀರಿ’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆ ಹುಡುಗಿಯನ್ನು ಎತ್ತಿದ್ದು ಹಾಸ್ಟೆಲು, ಊಟ, ರಾತ್ರಿ ಓದಿಸುವ ವಾರ್ಡನ್ನು, ಖಾಲಿ ಬೀಳದ ಮೇಷ್ಟ್ರ ಹುದ್ದೆ. ಪ್ರವೇಶ ಪರೀಕ್ಷೆಯಲ್ಲ. ಹಾಸ್ಟೆಲು ಇರಲಿ, ಹೆಚ್ಚಲಿ, ಪರೀಕ್ಷೆ ತೆಗೆಯಿರಿ. ಅರ್ಹ ಕುಟುಂಬಗಳ ಅರ್ಜಿ ಪಡೆದು, ಗುಳೆ ಹೋಗುವವರಿಗೂ ಒಂಟಿ ತಾಯಂದಿರ ಮಕ್ಕಳಿಗೂ ಮೊದಲ ಪಾಲು ಕೊಟ್ಟು, ಉಳಿದದ್ದಕ್ಕೆ ಲಾಟರಿ ಎತ್ತಿ. ಖಾಸಗಿ ಶಾಲೆಗಳ ಆರ್‌ಟಿಇ ಸೀಟಿಗೆ ಲಾಟರಿ ಎತ್ತಿದ ಅನುಭವ ಇದೇ ಶಿಕ್ಷಣ ಇಲಾಖೆಗೆ ಇದೆ. ಆ ಸೀಟುಗಳನ್ನೂ 2018ರ ಕೊನೆಗೆ ನಿಯಮ ತಿದ್ದಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ ಎಂದು ಹಿಂಡಿದ್ದು ಬೇರೆ ಮಾತು.

ಇನ್ನು ಶಾಹೀನ್‌ನಿಂದ ಸರ್ಕಾರ ಕಲಿಯಬೇಕಾದದ್ದೊಂದಿದೆ, ಅದು ನೀಟ್ ಅಲ್ಲ. ಮದರಸಾದಲ್ಲಿ ಕುರಾನ್ ಕಂಠಪಾಠ ಮಾಡಿ ಬಂದ, ಗಣಿತ-ವಿಜ್ಞಾನದ ಗಾಳಿಯೇ ಸೋಕದ ಹುಡುಗರನ್ನೂ ನಡುವೆ ಶಾಲೆ ಬಿಟ್ಟವರನ್ನೂ ತಂದು, ‘ಅಕಾಡೆಮಿಕ್ ಐಸಿಯು’ ಎಂದು ಅವರೇ ಕರೆಯುವ ವಿಭಾಗದಲ್ಲಿ ಮೂಲಾಕ್ಷರದಿಂದ ಹಿಡಿದು ತಯಾರು ಮಾಡಿ ಮುಖ್ಯವಾಹಿನಿಯ ತರಗತಿಗೆ ಸೇರಿಸುವ ಕೆಲಸ ಅಲ್ಲಿ ನಡೆಯುತ್ತದೆ. ಹೆಸರು ನನಗೆ ಹಿಡಿಸುವುದಿಲ್ಲ, ಓದು ಬಿಟ್ಟ ಹುಡುಗ ರೋಗಿಯಲ್ಲ. ಕೆಲಸ ಮಾತ್ರ ದೊಡ್ಡದು. ಮಂತ್ರಿಗಳು, ಐಎಎಸ್ ಅಧಿಕಾರಿಗಳು ಬೀದರ್‌ಗೆ ಬಂದು ಟಾಪರ್ ಜೊತೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಈ ವಿಭಾಗದ ಮೇಷ್ಟ್ರ ಹತ್ತಿರ ಕೂತು ‘ಎಂಟು ವರ್ಷ ತಪ್ಪಿದ್ದನ್ನು ನೀವು ಹೇಗೆ ತುಂಬಿಸುತ್ತೀರಿ’ ಎಂದು ಕೇಳುವುದಿಲ್ಲ. ಅದೊಂದನ್ನು ಔರಾದ್‌ನ ಹತ್ತು ಪ್ರೌಢಶಾಲೆಗಳಲ್ಲಿ ಮಾಡಿ ತೋರಿಸಿದ್ದರೂ ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲಿ ಜಿಲ್ಲೆ ಎರಡು ಮೆಟ್ಟಿಲು ಹತ್ತುತ್ತಿತ್ತು.

ಹಣವಿಲ್ಲ ಎಂಬ ನೆಪ ಈಗ ನಡೆಯದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಶಿಕ್ಷಣಕ್ಕೆಂದೇ ‘ಅಕ್ಷರ ಆವಿಷ್ಕಾರ’ ಎಂಬ ಕಾರ್ಯಕ್ರಮವೂ ಇದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು, ಹೊರಗಿನ ಕಾಲೇಜುಗಳಲ್ಲಿ ಎಂಟು ಸೀಟು ನಮ್ಮ ಮಕ್ಕಳಿಗೇ ಮೀಸಲು. ಹೋರಾಡಿ ಪಡೆದ ಹಕ್ಕು ಅದು. ಆ ಸೀಟುಗಳು ಯಾರ ಮನೆಗೆ ಹೋಗುತ್ತಿವೆ? ಬೀದರ್ ನಗರದ ಎರಡನೇ ತಲೆಮಾರಿನ ನೌಕರರ ಮನೆಗೋ, ಔರಾದ್‌ನ ಒಣಬೇಸಾಯದ ಮನೆಗೋ? ಸೀಟು ಪಡೆದವರ ತಾಲ್ಲೂಕು, ಓದಿದ ಪ್ರಾಥಮಿಕ ಶಾಲೆ ಎರಡೂ ಅರ್ಜಿಯ ಜೊತೆಗಿನ ವ್ಯಾಸಂಗ ಪ್ರಮಾಣಪತ್ರಗಳಲ್ಲಿ ಇದ್ದೇ ಇರುತ್ತವೆ. ಪರೀಕ್ಷಾ ಪ್ರಾಧಿಕಾರ ಒಂದು ವಾರ ಕೂತರೆ ಹೆಸರು ಬಿಟ್ಟು ಪಟ್ಟಿ ಮಾಡಿ ಪ್ರಕಟಿಸಬಹುದು. ಮಂಡಳಿಯ ಮುಂದಿನ ಸಭೆಯಲ್ಲಿ ಬೀದರ್, ಭಾಲ್ಕಿ, ಔರಾದ್‌ನ ಶಾಸಕರು ಹೊಸ ಕಟ್ಟಡ ಕೇಳುವ ಮೊದಲು ಈ ಪಟ್ಟಿ ಕೇಳಲಿ. ಜೊತೆಗೆ ಇನ್ನೊಂದು: ಹತ್ತು ವರ್ಷದ ಹಿಂದೆ ತಮ್ಮ ತಮ್ಮ ತಾಲ್ಲೂಕಿನಲ್ಲಿ ಒಂದನೇ ತರಗತಿ ಸೇರಿದವರಲ್ಲಿ ಈ ವರ್ಷ ಎಸ್‌ಎಸ್‌ಎಲ್‌ಸಿ ಪಾಸಾದವರು ಎಷ್ಟು ಎಂಬ ಲೆಕ್ಕ, ಊರುವಾರು.